ಬಿಸಿಲಿಲ್ಲದ ಊರಿನ ಮೊಳಕೆ

ಆ ಕೋಣೆಗೆ ಕಾಲಿಟ್ಟ ಕೂಡಲೇ ನಮ್ಮವ್ವನ ಅಡುಗೆಮನೆ ನೆನಪಾಯಿತು. ಮೊಳಕೆ ಕಟ್ಟಿದ ರಾಗಿಯ ಒದ್ದೆ ಬಟ್ಟೆ ಬಿಚ್ಚಿದಾಗ ಬರುತ್ತಲ್ಲ, ಹಸಿಹಸಿಯಾದ, ಸ್ವಲ್ಪ ಸಿಹಿ ವಾಸನೆ, ಥೇಟ್ ಅದೇ. ನಾನಿದ್ದದ್ದು ಮಾತ್ರ ಸ್ಕಾಟ್ಲೆಂಡಿನ ಐಲಾ ದ್ವೀಪದಲ್ಲಿ, 1815ರಲ್ಲಿ ಶುರುವಾದ ಲಫ್ರಾಯ್ಗ್ ವಿಸ್ಕಿ ಡಿಸ್ಟಿಲರಿಯಲ್ಲಿ.

ಅಲ್ಲಿಗೆ ಮುಟ್ಟಿದ್ದೇ ಒಂದು ದಿನ ತಡವಾಗಿ. ಆಚೆ ದಡದ ಬಂದರು ಕೆನಕ್ರೇಗ್‌ನಿಂದ ಹೊರಡಬೇಕಿದ್ದ ಫೆರಿ ಗಾಳಿಗೆ ರದ್ದಾಯಿತು. ದ್ವೀಪದಲ್ಲಿ ಗೊತ್ತು ಮಾಡಿದ್ದ ರೂಮಿನವರು ಆ ರಾತ್ರಿಯ ಬಾಡಿಗೆ ಒಂದು ಪೌಂಡೂ ಬಿಡಲಿಲ್ಲ. ಈಗಲೂ ಹೊಟ್ಟೆ ಉರಿಯುತ್ತೆ. ಹೋಗುವವರು ದುಡ್ಡು ವಾಪಸ್ ಕೊಡುವ ರೂಮನ್ನೇ ಹಿಡಿಯಿರಿ, ಕೈಯಲ್ಲಿ ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ.

ಡಿಸ್ಟಿಲರಿಯ ಆ ಕೋಣೆಯ ನೆಲದ ತುಂಬ ಮೊಳಕೆ ಬರಲೆಂದು ನೆನೆಸಿದ ಬಾರ್ಲಿ ಹರಡಿತ್ತು. ಹಿರಿಯರೊಬ್ಬರು ಕುಂಟೆಯಂಥದ್ದನ್ನು ಎಳೆಯುತ್ತಾ ಕಾಳು ಕೆದಕುತ್ತಿದ್ದರು. ಹಾಗೆ ಮಾಡದಿದ್ದರೆ ಕಾವು ಏರುತ್ತೆ, ಬೇರುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ ಎಂದರು. ಇಂಥ ನೆಲ ಇಟ್ಟುಕೊಂಡಿರುವ ಡಿಸ್ಟಿಲರಿಗಳು ಈಗ ಕೆಲವೇ. ಇಲ್ಲೂ ಬೇಕಾದ ಮಾಲ್ಟ್‌ನಲ್ಲಿ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಲ್ಲಿ, ಹೆಚ್ಚಿನ ಪಾಲು ಹೊರಗಿನಿಂದಲೇ ಬರುತ್ತದೆ.

ಒಂದು ಹಿಡಿ ಕಾಳು ನನ್ನ ಕೈಗೆ ಹಾಕಿದರು. ತುದಿಯಲ್ಲಿ ದಾರದೆಳೆಯಂಥ ಬಿಳಿ ಬೇರು. ಅಗಿದರೆ ಸಿಹಿ.

‘ನಮ್ಮ ಮನೇಲೂ ಹೀಗೇ ಮಾಡ್ತಾರೆ’ ಎಂದೆ.

‘ವಿಸ್ಕಿಗಾ?’

‘ಮಕ್ಕಳ ಗಂಜಿಗೆ. ರಾಗೀನ ಮೊಳಕೆ ಬರಿಸಿ, ಬಿಸಿಲಿಗೆ ಒಣಹಾಕಿ, ಹುರಿದು ಬೀಸ್ತಾರೆ.’

ಅವರು ಕುಂಟೆ ಗೋಡೆಗೆ ಒರಗಿಸಿದರು. ರಾಗಿ ಎಷ್ಟು ಸಣ್ಣದು, ಎಷ್ಟು ಹೊತ್ತು ನೆನೆಯಬೇಕು ಎಂದು ಒಂದೊಂದೇ ಕೇಳಿದರು. ಕೊನೆಗೆ, ‘ನಿಮಗೆ ಬಿಸಿಲಿದೆ. ನಮಗಿದ್ದದ್ದು ಪೀಟ್’ ಎಂದರು.

ಪೀಟ್ ಅಂದರೆ ಜೌಗಿನಲ್ಲಿ ಸಾವಿರಾರು ವರ್ಷ ಕೊಳೆತ ಪಾಚಿ, ಹುಲ್ಲು. ಮರ ಕಡಿಮೆ ಇರುವ ಈ ದ್ವೀಪದಲ್ಲಿ ಹಿಂದೆ ಕಾಳು ಒಣಗಿಸಲೂ ಅದೇ ಸೌದೆಯಾಗಿತ್ತು. ಕಾಳು ಇನ್ನೂ ಒದ್ದೆ ಇರುವಾಗಲೇ ಅದರ ಹೊಗೆ ಕೊಡುತ್ತಾರೆ. ಒದ್ದೆ ಸಿಪ್ಪೆಗೆ ಹೊಗೆ ಚೆನ್ನಾಗಿ ಹತ್ತುತ್ತದೆ. ಹತ್ತು ವರ್ಷ ಮಾಗಿದ ಲಫ್ರಾಯ್ಗ್ ವಿಸ್ಕಿ ಮೂಗಿಗೆ ಹಿಡಿದರೆ ಟಿಂಚರ್ ಹಚ್ಚಿದ ಗಾಯದ ವಾಸನೆ ಬರುವುದು ಈ ಹೊಗೆಯಿಂದಲೇ. ನನಗದು ಬಹಳ ಇಷ್ಟ. ಎರಡು ಹನಿ ನೀರು ಬಿಟ್ಟರೆ ಹಿಂದಿನಿಂದ ಸಿಹಿ ಬರುತ್ತೆ. ಐಸ್ ಹಾಕಿ ಅದನ್ನು ಕೊಲ್ಲಬೇಡಿ.

ಭಟ್ಟಿ, ಪೀಪಾಯಿ ಎಲ್ಲ ನೋಡಿದೆ. 1934ರಲ್ಲಿ ಬೇಸಿಗೆಯ ಗುಮಾಸ್ತೆ ಕೆಲಸಕ್ಕೆ ಬಂದ ಬೆಸ್ಸಿ ವಿಲಿಯಮ್ಸನ್ 1954ರಲ್ಲಿ ಇದರ ಒಡತಿಯೇ ಆದದ್ದನ್ನು ಕೇಳಿ ಖುಷಿಯಾಯಿತು.

ರಾತ್ರಿ ಅವ್ವನಿಗೆ ಫೋನ್ ಮಾಡಿದೆ. ವಿಸ್ಕಿ ಮಾತು ಅವಳಿಗೆ ಬೇಕಿರಲಿಲ್ಲ. ‘ಅಷ್ಟೊಂದು ಕಾಳು ಬೂಸ್ಲು ಹಿಡೀದಂಗೆ ಯಾರವ್ವ ನೋಡ್ಕೊಳೋದು?’ ಎಂದಳು. ಆ ಹಿರಿಯರ ವಿಷಯ ಹೇಳಿದೆ. ‘ರಾತ್ರೀನೂ ಎದ್ದು ಕೆದಕ್ತಾರಂತಾ?’ ಎಂದು ಕೇಳಿದಳು.