ಅತ್ತೆಯ ಧಾರಾವಾಹಿ ಉಳಿಯಿತು, ಬಿಲ್ ಇಳಿಯಿತು

ಗೃಹಜ್ಯೋತಿ ಯೋಜನೆ ಬಂದ ಮೇಲೆ ನಮ್ಮ ಮನೆಯ ಕರೆಂಟ್ ಬಿಲ್‌ನಲ್ಲಿ ಹೆಚ್ಚಿನ ತಿಂಗಳು ಸೊನ್ನೆಯೇ ಬರುತ್ತದೆ. ಟಿವಿಗೆ ಬೇಕಾದ ವಿದ್ಯುತ್ತಿಗೆ ಕಾಸು ಕೊಡಬೇಕಿಲ್ಲ. ಆದರೆ ಆ ಟಿವಿಯಲ್ಲಿ ಏನಾದರೂ ಮೂಡಬೇಕಾದರೆ, ಮೊಬೈಲಿನಲ್ಲಿ ಮಾತನಾಡಬೇಕಾದರೆ, ಮಗನ ಪಾಠದ ವಿಡಿಯೊ ತೆರೆದುಕೊಳ್ಳಬೇಕಾದರೆ ತಿಂಗಳಿಗೆ 3,300 ರೂಪಾಯಿಯ ಹತ್ತಿರ ಹೋಗುತ್ತಿತ್ತು. ಒಂದೇ ದಿನ ಒಂದೇ ಕಡೆ ಕಟ್ಟುವುದಾಗಿದ್ದರೆ ಯಾರಾದರೂ ಬೆಚ್ಚಿಬೀಳುತ್ತಿದ್ದರು. ಇದು ಹಾಗಲ್ಲ. ಇವತ್ತು ಒಂದು ರೀಚಾರ್ಜ್, ನಾಲ್ಕು ದಿನ ಬಿಟ್ಟು ಇನ್ನೊಂದು, ತಿಂಗಳ ಮೊದಲ ವಾರ ಕೇಬಲ್‌ನವರು, ಮಧ್ಯದಲ್ಲಿ ಬ್ರಾಡ್‌ಬ್ಯಾಂಡ್. ಹರಿದ ಚೀಲದಿಂದ ರಾಗಿ ಸೋರಿದಂತೆ ಸೋರುತ್ತಿತ್ತು.

ನಾವಿರುವುದು ತುಮಕೂರಿನ ಕ್ಯಾತ್ಸಂದ್ರದಲ್ಲಿ. ಯಜಮಾನರು ಸೀಸನ್ ಪಾಸ್ ಇಟ್ಟುಕೊಂಡು ದಿನವೂ ರೈಲಿನಲ್ಲಿ ಯಶವಂತಪುರಕ್ಕೆ ಹೋಗಿಬರುತ್ತಾರೆ. ಮಗ ಎರಡನೇ ಪಿಯುಸಿ. ಪಾವಗಡದ ಕಡೆಯವರಾದ ಅತ್ತೆ ನಮ್ಮೊಂದಿಗಿದ್ದಾರೆ. ಗುಬ್ಬಿ ತಾಲ್ಲೂಕಿನ ಹಳ್ಳಿಯಲ್ಲಿರುವ ನನ್ನ ಅಮ್ಮನ ಫೋನಿಗೆ ದುಡ್ಡು ಹಾಕುವವರೂ ನಾವೇ. ಅಂದರೆ ಐದು ಫೋನ್, ಎರಡು ಟಿವಿ, ಒಂದು ಬ್ರಾಡ್‌ಬ್ಯಾಂಡ್. ನಾನು ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ಲೈನಿಂಗ್ ಬಟ್ಟೆ, ಹುಕ್ಕು, ದಾರ ಎಲ್ಲ ಕಳೆದು ಒಂದು ರವಿಕೆಯಲ್ಲಿ ಎಷ್ಟು ಉಳಿಯುತ್ತದೆ ಎಂಬುದು ನನಗೆ ಬಾಯಿಪಾಠ. ಹಾಗಾಗಿ ಸಾವಿರ ರೂಪಾಯಿ ಎಂದರೆ ಎಷ್ಟು ಹೊತ್ತಿನ ಕೆಲಸ ಎಂಬುದೂ ಗೊತ್ತು.

ಖರ್ಚು ಕಡಿಮೆ ಮಾಡೋಣ ಎಂದ ಕೂಡಲೇ ಹೆಚ್ಚಿನ ಮನೆಗಳಲ್ಲಿ ಮೊದಲ ಕತ್ತರಿ ಬೀಳುವುದು ವಯಸ್ಸಾದವರ ಟಿವಿಗೆ. "ಎಲ್ಲ ಮೊಬೈಲಿನಲ್ಲೇ ಬರುತ್ತದೆ, ಕೇಬಲ್ ಏಕೆ?" ಎನ್ನುತ್ತಾರೆ. ಇದು ನನಗೆ ಒಪ್ಪಿಗೆಯಿಲ್ಲ. ಮೊಬೈಲಿನಲ್ಲಿ ಬರುತ್ತದೆ ನಿಜ, ಆದರೆ ಎಪ್ಪತ್ತು ದಾಟಿದವರ ಕಣ್ಣಿಗೆ ಅಂಗೈಯಗಲದ ಪರದೆ ಸಾಕಾಗುವುದಿಲ್ಲ. ಯಜಮಾನರು ರೈಲಿನಲ್ಲಿ, ಮಗ ಕಾಲೇಜಿನಲ್ಲಿ, ನಾನು ಮಿಷನ್ ಮುಂದೆ. ಸಂಜೆಯ ಆ ಎರಡು ಮೂರು ಗಂಟೆ ಅತ್ತೆಗೆ ಜೊತೆಯಾಗಿರುವುದು ಟಿವಿ. ಹಾಗಾಗಿ ಯಾರೂ ಬಳಸದೆ ಇರುವುದಕ್ಕೆ ಮಾತ್ರ ಕತ್ತರಿ ಹಾಕಬೇಕು ಎಂದು ಮೊದಲೇ ತೀರ್ಮಾನಿಸಿಕೊಂಡೆ.

ಫೋನುಗಳಿಂದ ಶುರು ಮಾಡಿದೆ. ಮೊದಲು ಕಣ್ಣಿಗೆ ಬಿದ್ದದ್ದು 28 ದಿನದ ಲೆಕ್ಕ. ನಾವು ಅದನ್ನು ತಿಂಗಳು ಎಂದು ಕರೆಯುತ್ತೇವೆ, ಆದರೆ 28 ದಿನಕ್ಕೊಮ್ಮೆ ರೀಚಾರ್ಜ್ ಮಾಡಿದರೆ ವರ್ಷಕ್ಕೆ 13 ಸಲ ಕಟ್ಟಬೇಕಾಗುತ್ತದೆ. 299 ರೂಪಾಯಿಯ ಪ್ಯಾಕ್ ಆದರೆ ಒಂದು ಸಿಮ್‌ಗೆ ವರ್ಷಕ್ಕೆ 3,887 ರೂಪಾಯಿ. ಇದರ ವಿರುದ್ಧ ದೂರುಗಳು ಹೋದ ಮೇಲೆ, ಪ್ರತಿ ಕಂಪನಿಯೂ 30 ದಿನದ ಒಂದು ಪ್ಯಾಕನ್ನೂ ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸಬಹುದಾದ ಒಂದು ಪ್ಯಾಕನ್ನೂ ಇಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2022ರ ಜನವರಿಯಲ್ಲಿ ಆದೇಶಿಸಿತು. ಕಂಪನಿಯ ಆ್ಯಪ್‌ನಲ್ಲಿ ಇವು ಮೊದಲ ಪುಟದಲ್ಲಿ ಕಾಣುವುದಿಲ್ಲ. ಕೆಳಗೆ ಕೆಳಗೆ ಸರಿಸುತ್ತಾ ಹೋಗಬೇಕು.

ಎರಡನೆಯದು ಡೇಟಾ. ಮನೆಯಲ್ಲಿ ವೈಫೈ ಇದೆ. ಮಗನ ಕಾಲೇಜಿನಲ್ಲಿ ಫೋನ್ ತೆಗೆಯುವಂತಿಲ್ಲ. ನಾನು ಹೊರಗೆ ಹೋದರೆ ಚಿಕ್ಕಪೇಟೆಯಲ್ಲಿ ದಾರ, ಗುಂಡಿ ತರುವುದಕ್ಕೆ. ಅಲ್ಲಿ ಬೇಕಾಗುವುದು ಫೋನ್‌ಪೇ ಮಾಡುವಷ್ಟು ಇಂಟರ್‌ನೆಟ್. ಆದರೂ ನಮ್ಮಿಬ್ಬರಿಗೂ ದಿನಕ್ಕೆ ಒಂದು, ಒಂದೂವರೆ ಜಿಬಿಯ ಪ್ಯಾಕ್ ಇತ್ತು. ಅವತ್ತಿನದು ಅವತ್ತೇ ಮುಗಿಯುತ್ತದೆ, ಮಾರನೆಯ ದಿನಕ್ಕೆ ಉಳಿಯುವುದಿಲ್ಲ. ಈಗ ಇಬ್ಬರದೂ 199 ರೂಪಾಯಿಯ ಪ್ಯಾಕ್: ಮಾತಿಗೆ ಮಿತಿಯಿಲ್ಲ, 28 ದಿನಕ್ಕೆ ಒಟ್ಟು 2 ಜಿಬಿ. ಯಜಮಾನರ ದೊಡ್ಡ ಪ್ಯಾಕ್ ಮುಟ್ಟಲಿಲ್ಲ. ಹೋಗಿಬರುವ ಅಷ್ಟೂ ಹೊತ್ತು ಅವರು ಫೋನಿನಲ್ಲಿ ಸುದ್ದಿಯೋ ಯಕ್ಷಗಾನವೋ ನೋಡುತ್ತಾರೆ, ಅದು ಅವರ ಹಕ್ಕು.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಅಮ್ಮನ ಫೋನಿನ ವಿಚಾರದಲ್ಲಿ. ಅವರದು ಗುಂಡಿ ಒತ್ತುವ ಕೀಪ್ಯಾಡ್ ಫೋನ್. ಅಕ್ಷರ ಅಳಿಸಿಹೋಗಿ ಐದರ ಗುಂಡಿ ಮಾತ್ರ ಗುರುತು ಸಿಗುತ್ತದೆ, ಉಳಿದದ್ದನ್ನು ಅಮ್ಮ ಅದರ ಅಕ್ಕಪಕ್ಕ ತಡವಿ ಒತ್ತುತ್ತಾರೆ. ಅಂಥ ಫೋನಿಗೂ ಡೇಟಾ ಸೇರಿದ ಪ್ಯಾಕ್! ಬೇರೆ ದಾರಿಯೇ ಇರಲಿಲ್ಲ. ನಮ್ಮಂಥವರು ಎಷ್ಟು ಜನ ಇದನ್ನು ಕೇಳಿಕೊಂಡಿದ್ದರೋ, 2024ರ ಡಿಸೆಂಬರ್‌ನಲ್ಲಿ ಟ್ರಾಯ್ ನಿಯಮ ತಿದ್ದಿ, ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ಪ್ಯಾಕ್ ಕೊಡಬೇಕು, ಅದರ ಅವಧಿ 365 ದಿನದವರೆಗೂ ಇರಬಹುದು ಎಂದಿತು. 2025ರ ಜನವರಿಯಲ್ಲಿ ಅಂಥ ಪ್ಯಾಕ್‌ಗಳು ಬಂದವು. ಆಗ ಏರ್‌ಟೆಲ್‌ನದು 365 ದಿನಕ್ಕೆ 1,849 ರೂಪಾಯಿ, ಜಿಯೋದ್ದು 1,748 ರೂಪಾಯಿ. ಎರಡನೆಯದು ಅಗ್ಗ ಎಂದು ಕಂಡರೂ ಅವಧಿ 336 ದಿನ ಮಾತ್ರ, ವರ್ಷ ತುಂಬುವುದಿಲ್ಲ. ಅಮ್ಮನಿಗೆ 199ರಂತೆ ವರ್ಷಕ್ಕೆ 2,587 ಆಗುತ್ತಿದ್ದದ್ದು 1,849ಕ್ಕೆ ಬಂತು. ಹಣಕ್ಕಿಂತ ದೊಡ್ಡ ನೆಮ್ಮದಿ ಎಂದರೆ, ರೀಚಾರ್ಜ್ ಮುಗಿದು ಅವರ ಫೋನ್ ಸತ್ತುಹೋಗಿದೆಯೇ ಎಂದು ತಿಂಗಳು ತಿಂಗಳೂ ಆತಂಕಪಡುವುದು ತಪ್ಪಿತು.

ಅತ್ತೆಗೂ ಅದನ್ನೇ ಹಾಕಿಸಿದೆವು. ಅವರದು ಸ್ಮಾರ್ಟ್‌ಫೋನ್, ಶಿವಮೊಗ್ಗದಲ್ಲಿರುವ ಮಗಳೊಂದಿಗೆ ವಾಟ್ಸ್ಆ್ಯಪ್‌ನಲ್ಲಿ ಮುಖ ನೋಡಿಕೊಂಡು ಮಾತನಾಡುವುದು ಇದ್ದೇ ಇದೆ. ಅದು ಮನೆಯ ವೈಫೈನಲ್ಲಿ ನಡೆಯುತ್ತದೆ. ಮಠಕ್ಕೆ ಹೋದಾಗ ಇಂಟರ್‌ನೆಟ್ ಇರುವುದಿಲ್ಲ, ಕರೆ ಬರುತ್ತದೆ, ಒಟಿಪಿ ಬರುತ್ತದೆ. ಹೊರಗೆ ಯುಪಿಐ ಬಳಸುವ ಹಿರಿಯರಿದ್ದರೆ ಈ ಪ್ಯಾಕ್ ಬೇಡ.

ಮೇಜಿನ ಡ್ರಾಯರ್‌ನಲ್ಲಿ ಒಂದು ಹಳೆಯ ಸಿಮ್ ಇತ್ತು. ಬಳಸದ ಸಿಮ್ 90 ದಿನ ಸುಮ್ಮನಿದ್ದರೆ ಸಂಖ್ಯೆ ಕೈತಪ್ಪುತ್ತದೆ, ಮೊಬೈಲ್ ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿದುಕೊಂಡು 30 ದಿನ ಮುಂದುವರಿಸುತ್ತಾರೆ. ಬಿಡುವುದಾದರೆ ಬ್ಯಾಂಕ್, ಆಧಾರ್, ಗ್ಯಾಸ್ ಎಲ್ಲದರಲ್ಲೂ ಸಂಖ್ಯೆ ಬದಲಿಸಿಯೇ ಬಿಡಿ. ಆ ಸಂಖ್ಯೆ ಮುಂದೆ ಬೇರೊಬ್ಬರಿಗೆ ಹೋಗುತ್ತದೆ.

ಇನ್ನು ಟಿವಿ. ಒಂದು ಸಂಜೆ ಮಿಷನ್ ಮುಚ್ಚಿಟ್ಟು, ರವಿಕೆಯ ಅಳತೆ ಬರೆಯುವ ಪುಸ್ತಕ ಹಿಡಿದು ಅತ್ತೆಯ ಪಕ್ಕ ಕುಳಿತೆ. ಅವರು ರಿಮೋಟ್ ಒತ್ತುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಇಂಗ್ಲಿಷ್ ಸಿನಿಮಾ, ಮಕ್ಕಳ ಕಾರ್ಟೂನ್, ಹಿಂದಿ ಧಾರಾವಾಹಿ, ಕ್ರೀಡೆ. "ಇದನ್ನು ನೋಡುತ್ತೀರಾ ಅತ್ತೆ?" ಎಂದು ಕೇಳಿದರೆ, "ಇಲ್ಲ ಕಣಮ್ಮ, ನನ್ನದಕ್ಕೆ ಹೋಗುವ ದಾರಿಯಲ್ಲಿ ಸಿಗುತ್ತದೆ ಅಷ್ಟೆ" ಎಂದರು. ಕೊನೆಗೆ ಪುಸ್ತಕದಲ್ಲಿ ಉಳಿದದ್ದು ಮೂರು ಕನ್ನಡ ಮನರಂಜನಾ ವಾಹಿನಿಗಳು, ಒಂದು ತೆಲುಗು ವಾಹಿನಿ, ಸುದ್ದಿ, ಚಂದನ ಮತ್ತು ಬೆಳಗಿನ ಸುಪ್ರಭಾತಕ್ಕೆ ತಿರುಪತಿಯ ಭಕ್ತಿ ವಾಹಿನಿ ಎಸ್‌ವಿಬಿಸಿ. ಪಾವಗಡದ ಮೂರು ದಿಕ್ಕಿಗೂ ಆಂಧ್ರ. ಅಲ್ಲಿ ಬೆಳೆದವರಿಗೆ ತೆಲುಗೂ ಮನೆಯ ಮಾತೇ. "ಆ ಒಂದು ತೆಲುಗು ಬೇಕಾದರೆ ತೆಗೆದುಬಿಡು" ಎಂದು ಅವರೇ ಹೇಳಿದರು. ತೆಗೆಯಲಿಲ್ಲ.

ಕೇಬಲ್ ಹಣಕ್ಕೆ ಬರುವ ಹುಡುಗನಿಗೆ ಆ ಪಟ್ಟಿ ಕೊಟ್ಟೆ. "ಅಕ್ಕ, ಬೀದಿಯವರೆಲ್ಲ ದೊಡ್ಡ ಪ್ಯಾಕೇ ಹಾಕಿಸಿರುವುದು. ಬಿಡಿಯಾಗಿ ತೆಗೆದುಕೊಂಡರೆ ಜಾಸ್ತಿ ಆಗುತ್ತದೆ" ಎಂದ. ಒಂದೇ ಸಂಸ್ಥೆಯ ಏಳೆಂಟು ವಾಹಿನಿ ಬೇಕಿದ್ದವರಿಗೆ ಅವನ ಮಾತು ನಿಜ, ಪ್ಯಾಕೇ ಅಗ್ಗ. ನಮಗೆ ಹಾಗಲ್ಲ. 2019ರಲ್ಲಿ ಟ್ರಾಯ್ ತಂದ ಪದ್ಧತಿಯಂತೆ, ಬೇಕಾದ ವಾಹಿನಿಯನ್ನು ಬಿಡಿಯಾಗಿ ಕೇಳುವ ಅಧಿಕಾರ ನೋಡುಗರಿಗಿದೆ. ನಮ್ಮ ಕೇಬಲ್‌ನವರು ಸಂಪರ್ಕದ ಮೂಲ ಶುಲ್ಕವಾಗಿ 130 ರೂಪಾಯಿ ಹಿಡಿಯುತ್ತಾರೆ. ಉಚಿತ ವಾಹಿನಿಗಳು ಅದರಲ್ಲೇ ಬರುತ್ತವೆ, ಅತ್ತೆಯ ಸುದ್ದಿ, ಚಂದನ, ಸುಪ್ರಭಾತ ಎಲ್ಲವೂ. ಹಣದ ವಾಹಿನಿ ನಾಲ್ಕು, ಒಂದಕ್ಕೆ 19 ರೂಪಾಯಿ ಹಿಡಿದರೂ 76. ಒಟ್ಟು 206, ಅದರ ಮೇಲೆ ಶೇ 18ರ ಜಿಎಸ್‌ಟಿ ಸೇರಿ 243 ರೂಪಾಯಿ. ಮೊದಲು 430 ಕಟ್ಟುತ್ತಿದ್ದೆವು. ಕೋಣೆಯಲ್ಲಿದ್ದ ಎರಡನೇ ಟಿವಿಯ ಸೆಟ್‌ಟಾಪ್ ಪೆಟ್ಟಿಗೆಯನ್ನು ವಾಪಸ್ ಕೊಟ್ಟೆವು, ಅದರ 210 ರೂಪಾಯಿಯೂ ನಿಂತಿತು. ಐಪಿಎಲ್ ಬಂದಾಗ ಯಜಮಾನರಿಗಾಗಿ ಕ್ರೀಡಾ ವಾಹಿನಿಯನ್ನು ಆ ಎರಡು ತಿಂಗಳಿಗಷ್ಟೇ ಸೇರಿಸಿಕೊಳ್ಳುತ್ತೇವೆ.

ದೂರದರ್ಶನದ ಫ್ರೀ ಡಿಶ್ ಹಾಕಿಸಿದರೆ ತಿಂಗಳ ಬಾಡಿಗೆಯೇ ಇಲ್ಲವಲ್ಲ ಎಂದು ಪಕ್ಕದ ಮನೆಯವರು ಹೇಳಿದರು. ಚಂದನ ಸಾಕು ಎನ್ನುವವರಿಗೆ ಅದು ಒಳ್ಳೆಯದೇ. ಆದರೆ ಹೆಸರುವಾಸಿ ಕನ್ನಡ ಧಾರಾವಾಹಿ ವಾಹಿನಿಗಳು ಅದರಲ್ಲಿ ಸಿಗುವುದಿಲ್ಲ.

ಬ್ರಾಡ್‌ಬ್ಯಾಂಡ್ ವೇಗ 100 ಎಂಬಿಪಿಎಸ್ ಇತ್ತು, 799 ರೂಪಾಯಿ, ತೆರಿಗೆ ಸೇರಿ 943. ಎಚ್‌ಡಿ ಗುಣಮಟ್ಟದ ಒಂದು ವಿಡಿಯೊಗೆ 5 ಎಂಬಿಪಿಎಸ್ ಸಾಕು. ಮನೆಯಲ್ಲಿ ಒಂದೇ ಹೊತ್ತಿಗೆ ಇಬ್ಬರು ಮೂವರು ನೋಡಿದರೂ 40ರಲ್ಲಿ ಧಾರಾಳವಾಗಿ ನಡೆಯುತ್ತದೆ. ಮಗ ಮಾತ್ರ ಒಪ್ಪಲಿಲ್ಲ. "ಈಗಲೇ ನನ್ನ ಕೋಣೆಗೆ ಸರಿಯಾಗಿ ಬರುವುದಿಲ್ಲ ಅಮ್ಮ, ಇನ್ನೂ ಇಳಿಸಿದರೆ ಹೇಗೆ?" ನೋಡಿದರೆ ರೂಟರ್ ಇದ್ದದ್ದು ಹಜಾರದ ಕಬ್ಬಿಣದ ಬೀರುವಿನ ಹಿಂದೆ, ನೆಲದ ಹತ್ತಿರ. ಕಬ್ಬಿಣ ಎದುರಿಗಿದ್ದರೆ ವೈಫೈ ಅಲೆ ದಾಟುವುದಿಲ್ಲ. ಅದನ್ನು ತೆಗೆದು ನಡುಬಾಗಿಲಿನ ಮೇಲೆ ಮೊಳೆ ಹೊಡೆದು ಕೂರಿಸಿದೆವು. ಮಗನ ಕೋಣೆಗೆ ಚೆನ್ನಾಗಿ ತಲುಪಿತು. ಆಮೇಲೆ 40 ಎಂಬಿಪಿಎಸ್‌ನ, 499ರ ಪ್ಲಾನ್‌ಗೆ ಇಳಿದೆವು, ತೆರಿಗೆ ಸೇರಿ 589. ಅವನ ಪಾಠದ ವಿಡಿಯೊ ಎಲ್ಲೂ ನಿಲ್ಲುತ್ತಿಲ್ಲ.

ಸಣ್ಣ ಸಣ್ಣ ಸೋರಿಕೆಗಳಿಗೆ ಎರಡು ಕಡೆ ನೋಡಿ. ಯುಪಿಐ ಆ್ಯಪ್‌ನಲ್ಲಿ ಆಟೊಪೇ ಎಂಬ ವಿಭಾಗವಿದೆ, ಯಾವ ಯಾವ ಆ್ಯಪ್‌ಗೆ ತಾನಾಗಿ ಹಣ ಹೋಗುತ್ತಿದೆ ಎಂಬುದು ಅಲ್ಲಿ ಕಾಣುತ್ತದೆ, ಅಲ್ಲಿಯೇ ನಿಲ್ಲಿಸಬಹುದು. ಇಂಥ ಕಡಿತಕ್ಕೆ 24 ಗಂಟೆ ಮೊದಲು ಸೂಚನೆ ಕಳುಹಿಸಬೇಕೆಂದು ರಿಸರ್ವ್ ಬ್ಯಾಂಕ್‌ನ ನಿಯಮವಿದೆ, ಆ ಎಸ್‌ಎಂಎಸ್ ಓದದೆ ಅಳಿಸಬೇಡಿ. ಮೊಬೈಲ್ ಖಾತೆಯಿಂದ ಕಾಲರ್ ಟ್ಯೂನ್, ಜ್ಯೋತಿಷ್ಯ ಎಂದು ಹಣ ಹೋಗುತ್ತಿದ್ದರೆ 155223ಕ್ಕೆ ಕರೆ ಮಾಡಿ ನಿಲ್ಲಿಸಿ.

ಫೋನಿನ ಒಂದು ಕಂಪನಿಯವರು ಮಾತ್ರ ಸಣ್ಣ ಪ್ಯಾಕ್‌ಗೆ ಬದಲಿಸಲು ನನ್ನನ್ನು ಬಹಳ ಸತಾಯಿಸಿದರು. "ಅಂಥ ಪ್ಯಾಕ್ ನಿಮ್ಮ ಸಂಖ್ಯೆಗೆ ಇಲ್ಲ ಮೇಡಂ" ಎಂಬ ಒಂದೇ ಮಾತು. ಸಂಖ್ಯೆ ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿಯಿಂದ ದೇಶದೆಲ್ಲೆಡೆ ಇದೆ. ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಟೈಪ್ ಮಾಡಿ, ಜಾಗ ಬಿಟ್ಟು ಹತ್ತು ಅಂಕಿಯ ಸಂಖ್ಯೆ ಬರೆದು 1900ಕ್ಕೆ ಎಸ್‌ಎಂಎಸ್ ಕಳುಹಿಸಿದರೆ ಒಂದು ಸಂಕೇತ ಬರುತ್ತದೆ. ಅದು ನಮ್ಮಲ್ಲಿ ನಾಲ್ಕು ದಿನ ಊರ್ಜಿತ. ಅಷ್ಟರೊಳಗೆ ಆಧಾರ್ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋದರಾಯಿತು. ಈಗಿನ ಕಂಪನಿಯಲ್ಲಿ 90 ದಿನವಾದರೂ ಕಳೆದಿರಬೇಕು. ನಾನು ಬಿ.ಎಚ್. ರಸ್ತೆಯ ಅಂಗಡಿಯೊಂದರಲ್ಲಿ ಮಾಡಿಸಿಕೊಂಡು ಬಂದೆ. ಎಸ್‌ಎಂಎಸ್ ಕಳುಹಿಸಿದ ಮೇಲೆ ಹಳೆಯ ಕಂಪನಿಯಿಂದ ವಿನಯದ ಕರೆ ಬಂತು, ಇಲ್ಲವೆಂದಿದ್ದ ಪ್ಯಾಕ್ ಆಗ ಇತ್ತು. ಬೇಡವೆಂದೆ.

ಈಗ ಎಲ್ಲ ಸೇರಿ ತಿಂಗಳಿಗೆ ಎರಡು ಸಾವಿರದ ಆಸುಪಾಸು. ಬ್ರಾಡ್‌ಬ್ಯಾಂಡ್‌ನವರು ವರ್ಷದ್ದು ಒಟ್ಟಿಗೆ ಕಟ್ಟಿದರೆ ಒಂದು ತಿಂಗಳು ಬಿಟ್ಟುಕೊಡುತ್ತೇವೆ ಎನ್ನುತ್ತಿದ್ದಾರೆ. ನಾನು ಮೂರು ತಿಂಗಳಿಗಷ್ಟೇ ಕಟ್ಟಿದ್ದೇನೆ. ಪರೀಕ್ಷೆ ಮುಗಿದು ಮಗ ಬೇರೆ ಊರಿನ ಕಾಲೇಜಿಗೆ ಸೇರಿದರೆ ಮನೆಗೆ ಇಷ್ಟು ವೇಗವೂ ಬೇಕಾಗುವುದಿಲ್ಲ, ಆಗ ಅವನ ಫೋನಿಗೆ ದೊಡ್ಡ ಪ್ಯಾಕ್ ಹಾಕಿಸಬೇಕಾಗುತ್ತದೆ.