ಹೈಬ್ರಿಡ್ ಪಿಕಪ್‌ನಲ್ಲಿ ಚಳಿಗಾಲದ ದೂರಪಯಣ: ನಿಲ್ಲದ ಎಂಜಿನ್‌ನ ಜಾಡು ಹಿಡಿದು

ನಿಲ್ಲಬೇಕಾದ ಹೊತ್ತಿನಲ್ಲಿ ಎಂಜಿನ್ ನಿಲ್ಲುತ್ತಿರಲಿಲ್ಲ. ನನ್ನ ಪಿಕಪ್ ಹೈಬ್ರಿಡ್: ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟಾರೂ ಇದ್ದು, ಬೇಕಿಲ್ಲದಾಗ ಎಂಜಿನ್ ತಾನಾಗಿ ನಿಲ್ಲಬೇಕು. ಈ ಪಯಣದಲ್ಲಿ ಅದು ಒಡ್ಡಿದ ನಿಜವಾದ ಸಮಸ್ಯೆ ಇದೊಂದೇ, ಮತ್ತು ಅದು ಬಹುಮಟ್ಟಿಗೆ ಬಗೆಹರಿದಿರುವುದರಿಂದ ಈ ಬಾರಿಯ ಬರಹವನ್ನು ಅದಕ್ಕೇ ಮೀಸಲಿಡುತ್ತಿದ್ದೇನೆ. ಚಳಿಗಾಲದ ಟೈರುಗಳು, ಹಿಂದಿನ ಆಕ್ಸಲ್ ಮೇಲೆ ಬಿಗಿದು ಕಟ್ಟಿದ ಮರಳಿನ ಚೀಲಗಳು, ನೀರಿನೊಂದಿಗೆ ಅರ್ಧಕ್ಕರ್ಧ ಬೆರೆಸಿದ ಕೂಲಂಟ್ (ಎಂಜಿನ್ ತಣಿಸುವ ದ್ರವ), ಸಲಿಕೆ, ಎಳೆಯುವ ಹಗ್ಗ ಇವೆಲ್ಲ ಓದುಗರಿಗೆ ಗೊತ್ತಿರುವ ಸಿದ್ಧತೆಗಳೇ. ಅವುಗಳಲ್ಲಿ ಯಾವುದೂ ತೊಂದರೆ ಕೊಡಲಿಲ್ಲ.

ಚಳಿಯಲ್ಲಿ ಮೈಲೇಜ್ ಇಳಿಯುವುದು ನಿರೀಕ್ಷಿತವೇ. ಅಮೆರಿಕದ ಇಂಧನ ಇಲಾಖೆಯ ಪ್ರಕಾರ, ಉಷ್ಣಾಂಶ 25 ಡಿಗ್ರಿ ಸೆಲ್ಸಿಯಸ್‌ನಿಂದ ಮೈನಸ್ 7ಕ್ಕೆ ಇಳಿದಾಗ, ನಗರದ ಓಡಾಟದಲ್ಲಿ ಸಾಮಾನ್ಯ ಪೆಟ್ರೋಲ್ ಕಾರಿನ ಮೈಲೇಜ್ ಸುಮಾರು ಶೇ 15ರಷ್ಟು ಕುಸಿದರೆ ಹೈಬ್ರಿಡ್‌ಗಳದು ಶೇ 30ರಿಂದ 34ರಷ್ಟು ಕುಸಿಯುತ್ತದೆ. ಹೈಬ್ರಿಡ್‌ನ ಉಳಿತಾಯದ ದೊಡ್ಡ ಪಾಲು ಬರುವುದು ಎಂಜಿನ್ ನಿಂತಿರುವ ಹೊತ್ತಿನಿಂದ, ಮತ್ತು ಚಳಿ ಮೊದಲು ಕಸಿದುಕೊಳ್ಳುವುದು ಅದನ್ನೇ. ಹೆದ್ದಾರಿಯಲ್ಲಿ ಗಾಳಿಯ ಪ್ರತಿರೋಧವೂ ಸೇರಿಕೊಳ್ಳುತ್ತದೆ: ಮೈನಸ್ 20 ಡಿಗ್ರಿಯ ಗಾಳಿ 20 ಡಿಗ್ರಿಯ ಗಾಳಿಗಿಂತ ಸುಮಾರು ಶೇ 16ರಷ್ಟು ಸಾಂದ್ರವಾಗಿದ್ದು, ಪಿಕಪ್‌ನ ಎತ್ತರದ ಮೂತಿ ಅದರ ಪೂರ್ತಿ ಭಾರವನ್ನು ಎದುರಿಸಬೇಕಾಗುತ್ತದೆ. ಇದಿಷ್ಟನ್ನೂ ಒಪ್ಪಿಕೊಂಡೇ ಹೊರಟಿದ್ದೆ. ಒಪ್ಪಿಕೊಳ್ಳಲಾಗದೆ ಹೋದದ್ದು, ಗಂಟೆಗಟ್ಟಲೆ ಓಡಿ ಚೆನ್ನಾಗಿ ಬಿಸಿಯಾಗಿರಬೇಕಾದ ಎಂಜಿನ್, ಹಿಮ ತೆಗೆಯುವ ವಾಹನದ ಹಿಂದೆ ತೆವಳುವ ಸಾಲಿನಲ್ಲಿಯೂ ಒಂದೇ ಸಮನೆ ಗುರುಗುಟ್ಟುತ್ತಿದ್ದುದು.

ಇಂಥ ವಾಹನದಲ್ಲಿ ಎಂಜಿನ್ ಓಡುವುದು ಚಕ್ರಗಳಿಗಾಗಿ ಮಾತ್ರವಲ್ಲ. ಕೂಲಂಟ್ ತಣಿದರೆ ಅದು ತನಗಾಗಿ ಓಡುತ್ತದೆ. ಹೀಟರ್ ಬಿಸಿ ಕೇಳಿದರೆ ಕ್ಯಾಬಿನ್‌ಗಾಗಿ ಓಡುತ್ತದೆ. ಹೈಬ್ರಿಡ್ ಬ್ಯಾಟರಿ ಚಳಿಗೆ ಮರಗಟ್ಟಿ ಸಾಕಷ್ಟು ಶಕ್ತಿ ಕೊಡಲಾರದೆ ಹೋದರೆ ಅದರ ಪರವಾಗಿಯೂ ಓಡುತ್ತದೆ. ಹೈಬ್ರಿಡ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ ಅಟ್ಕಿನ್ಸನ್ ಚಕ್ರ ಎಂಬ ವಿನ್ಯಾಸದ ಎಂಜಿನ್ ಇಂಧನವನ್ನು ಮಿತವಾಗಿ ಬಳಸುವುದರಿಂದ ವ್ಯರ್ಥವಾಗುವ ಶಾಖವೇ ಕಡಿಮೆ. ಬೇಸಿಗೆಯಲ್ಲಿ ವರವಾಗಿರುವ ಈ ಗುಣವೇ ಚಳಿಗಾಲದಲ್ಲಿ ಶಾಖದ ಕೊರತೆಯಾಗಿ ಕಾಡುತ್ತದೆ. ಹೀಗಾಗಿ ‘ಎಂಜಿನ್ ಏಕೆ ನಿಲ್ಲುತ್ತಿಲ್ಲ’ ಎಂದು ಕೇಳುವುದಕ್ಕಿಂತ ‘ಈ ಕ್ಷಣ ಅದು ಯಾರಿಗಾಗಿ ಓಡುತ್ತಿದೆ’ ಎಂದು ಕೇಳುವುದೇ ಸರಿ. ಡ್ಯಾಶ್‌ಬೋರ್ಡ್ ಇದಕ್ಕೆ ಉತ್ತರ ಕೊಡುವುದಿಲ್ಲ. ವಾಹನದ ಕಂಪ್ಯೂಟರಿನಿಂದ ಮಾಹಿತಿ ಓದುವ ಓಬಿಡಿ ಸ್ಕ್ಯಾನರ್ ಸಿಕ್ಕಿಸಿ, ಕೂಲಂಟ್, ಬ್ಯಾಟರಿ ಮತ್ತು ಇನ್ವರ್ಟರ್‌ಗಳ (ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಹೊಂದುವಂತೆ ಬದಲಿಸುವ ಸಾಧನ) ಉಷ್ಣಾಂಶವನ್ನು ಎಂಜಿನ್‌ನ ವೇಗದೊಂದಿಗೆ ಒಂದೇ ಕಾಲರೇಖೆಯಲ್ಲಿ ದಾಖಲಿಸತೊಡಗಿದೆ.

ದಾಖಲೆ ತೋರಿಸಿದ ಚಿತ್ರ ಮೊದಲಿಗೆ ಗೊಂದಲದ್ದಾಗಿತ್ತು. ಹೆದ್ದಾರಿಯ ವೇಗದಲ್ಲಿಯೂ ಕೂಲಂಟ್ 70 ಡಿಗ್ರಿಯ ಆಸುಪಾಸಿನಲ್ಲೇ ಉಳಿಯುತ್ತಿತ್ತು. ಸಾಲು ನಿಧಾನವಾಗಿ ಬ್ಲೋವರ್ ಜೋರಾದ ಕೂಡಲೇ ಅದು ಇನ್ನೂ ಕೆಳಗಿಳಿದು ಎಂಜಿನ್ ಅನ್ನು ಎಬ್ಬಿಸುತ್ತಿತ್ತು. ಕೂಲಂಟ್ ರೇಡಿಯೇಟರ್‌ಗೆ ಹರಿಯುವುದನ್ನು ನಿಯಂತ್ರಿಸುವ ಕವಾಟ, ಅಂದರೆ ಥರ್ಮೋಸ್ಟಾಟ್, ಅರ್ಧ ತೆರೆದು ಸಿಕ್ಕಿಕೊಂಡಿದೆ ಎಂದು ಯಾರಿಗಾದರೂ ಅನುಮಾನ ಬರಬೇಕಾದ ಲಕ್ಷಣವಿದು. ಆದರೆ ಬಾನೆಟ್ ಎತ್ತಿ ನೋಡಿದರೆ ರೇಡಿಯೇಟರ್‌ನ ಮೇಲಿನ ಹೋಸ್ ತಣ್ಣಗೆ ಕೊರೆಯುತ್ತಿತ್ತು, ಅಂದರೆ ಥರ್ಮೋಸ್ಟಾಟ್ ಮುಚ್ಚಿಯೇ ಇತ್ತು ಮತ್ತು ಶಾಖ ರೇಡಿಯೇಟರ್ ಮೂಲಕ ಸೋರುತ್ತಿರಲಿಲ್ಲ. ಹಾಗಾದರೆ ಅದು ಹೋಗುತ್ತಿದ್ದುದೆಲ್ಲಿಗೆ?

ಉತ್ತರ ಗ್ರಿಲ್‌ನ ಹಿಂದೆಯೇ ಇತ್ತು. ಅಲ್ಲಿ ಗಾಳಿಯನ್ನು ತಡೆಯಲೆಂದೇ ಮೋಟಾರಿನಿಂದ ತೆರೆದು ಮುಚ್ಚುವ ಪಟ್ಟಿಗಳಿವೆ. ಮುಂದಿನ ವಾಹನಗಳು ಎರಚಿದ ಉಪ್ಪುಮಿಶ್ರಿತ ಹಿಮದ ಕೆಸರು ಅವುಗಳ ಸಂದಿಗಳಲ್ಲಿ ಸೇರಿ ಹೆಪ್ಪುಗಟ್ಟಿ, ಅವನ್ನು ಅರ್ಧ ತೆರೆದ ಸ್ಥಿತಿಯಲ್ಲಿ ಹಿಡಿದಿಟ್ಟಿತ್ತು. ಕೊರೆಯುವ ಗಾಳಿ ನೇರವಾಗಿ ಎಂಜಿನ್‌ಗೆ ಬಡಿದು, ಇದ್ದ ಅಲ್ಪ ಶಾಖವನ್ನೂ ಹೊತ್ತೊಯ್ಯುತ್ತಿತ್ತು. ರಾತ್ರಿ ಮುಚ್ಚಿದ ನಿಲುಗಡೆಯಲ್ಲಿ ಮಂಜುಗಡ್ಡೆ ತಾನಾಗಿ ಕರಗಲು ಬಿಟ್ಟೆ. ಬಲವಂತವಾಗಿ ಕೆತ್ತಿದರೆ ಆ ಪ್ಲಾಸ್ಟಿಕ್ ಪಟ್ಟಿಗಳು ಮುರಿಯದೆ ಇರುವುದಿಲ್ಲ.

ಮತ್ತೆ ಹೆಪ್ಪುಗಟ್ಟದಂತೆ ಹೊರಗಿನಿಂದ ಹೊದಿಕೆ ಬೇಕಿತ್ತು. ಹೊರಡುವ ಮುನ್ನವೇ ತರಿಸಿದ್ದ ಗ್ರಿಲ್ ಹೊದಿಕೆಯ ಬಗ್ಗೆ ಇಲ್ಲಿ ಹೇಳಲೇಬೇಕು. ಮಾರಾಟಗಾರರು ‘ಎಲ್ಲ ಮಾದರಿಗಳಿಗೂ ಹೊಂದುತ್ತದೆ’ ಎಂದು ಬರೆದು ಕಳಿಸಿದ್ದು ಪೆಟ್ರೋಲ್ ಮಾದರಿಗೆ ಕತ್ತರಿಸಿದ ತುಂಡು. ಹೈಬ್ರಿಡ್‌ನಲ್ಲಿ ಇನ್ವರ್ಟರ್ ಅನ್ನು ತಣಿಸಲು ಪ್ರತ್ಯೇಕ ಕೂಲಂಟ್ ಸುತ್ತು ಇರುತ್ತದೆ. ಅದರ ರೇಡಿಯೇಟರ್‌ನ ಮುಖವನ್ನು ಪೂರ್ತಿ ಮುಚ್ಚುವುದೆಂದರೆ ವಾಹನದ ಅತ್ಯಂತ ದುಬಾರಿ ಭಾಗಗಳಲ್ಲೊಂದನ್ನು ಅಪಾಯಕ್ಕೆ ಒಡ್ಡಿದಂತೆ. ಎರಡು ಸಲ ಬರೆದು ಕೇಳಿದರೂ ಅದೇ ಸಾಲು ಮರಳಿ ಬಂತು. ಕೊನೆಗೆ ಆ ತುಂಡನ್ನೇ ಅಳೆದು ಕತ್ತರಿಸಿ, ಇನ್ವರ್ಟರ್‌ನ ಭಾಗವನ್ನು ತೆರೆದಿಟ್ಟು, ಉಳಿದದ್ದನ್ನು ಜಿಪ್ ಟೈಗಳಿಂದ ಬಿಗಿದೆ. ಮೈನಸ್ 14 ಡಿಗ್ರಿಯ ಹೆದ್ದಾರಿಯಲ್ಲಿ ಕೂಲಂಟ್ 80 ಡಿಗ್ರಿ ದಾಟಿ ನಿಂತಿತು, ಇನ್ವರ್ಟರ್‌ನ ಉಷ್ಣಾಂಶ ಅಲುಗಲಿಲ್ಲ. ಟ್ರೇಲರ್ ಎಳೆಯುವಾಗಲೂ ಹೊರಗಿನ ಉಷ್ಣಾಂಶ ಸೊನ್ನೆಯ ಮೇಲೆ ಏರಿದಾಗಲೂ ಈ ಹೊದಿಕೆಯನ್ನು ತೆಗೆಯಲೇಬೇಕು.

ಆದರೂ ನಿಧಾನದ ಸಾಲಿನಲ್ಲಿ ಎಂಜಿನ್ ಪೂರ್ತಿ ಮಣಿಯಲಿಲ್ಲ, ಮತ್ತು ಅದರ ಮೂಲ ಕಾಲಡಿಯ ಮ್ಯಾಟ್‌ಗಳಲ್ಲಿತ್ತು. ಬೂಟಿನೊಂದಿಗೆ ಒಳಬಂದ ಹಿಮ ಕರಗಿ ಆವಿಯಾಗುತ್ತದೆ, ಆವಿ ಗಾಜಿನ ಮೇಲೆ ಕೂರುತ್ತದೆ, ಗಾಜು ಕಾಣಲು ಡಿಫ್ರಾಸ್ಟ್ ಒತ್ತಬೇಕಾಗುತ್ತದೆ, ಡಿಫ್ರಾಸ್ಟ್ ಬಿಸಿಗಾಗಿ ಎಂಜಿನ್ ಅನ್ನು ಎಬ್ಬಿಸುತ್ತದೆ. ಬೂಟುಗಳನ್ನು ತಟ್ಟಿ ಒಳಬರುವುದು, ನಿಂತಾಗಲೆಲ್ಲ ಮ್ಯಾಟ್ ಕೊಡವುವುದು, ಹೊರಗಿನ ಒಣಗಾಳಿಯನ್ನು ಒಳಬಿಡುವುದು ಎಂಬ ಮೂರು ಅಭ್ಯಾಸಗಳು ಯಾವ ಬಿಡಿಭಾಗಕ್ಕಿಂತಲೂ ಹೆಚ್ಚು ಫಲ ಕೊಟ್ಟವು. ಹೀಟರ್ ಅನ್ನು ಎರಡು ಡಿಗ್ರಿ ತಗ್ಗಿಸಿ ಸೀಟ್ ಹೀಟರ್ ಹಾಕಿಕೊಂಡರೆ ಮೈಗೆ ವ್ಯತ್ಯಾಸ ತಿಳಿಯುವುದಿಲ್ಲ; ಕ್ಯಾಬಿನ್ ಪೂರ್ತಿ ಬಿಸಿಮಾಡಲು ಹಲವು ಕಿಲೋವ್ಯಾಟ್ ಬೇಕಾದರೆ ಸೀಟ್‌ಗೆ ಸಾಕಾಗುವುದು ಕೆಲವು ಹತ್ತು ವ್ಯಾಟ್ ಮಾತ್ರ.

ಬ್ಯಾಟರಿಯ ವಿಷಯದಲ್ಲಿ ಮಾತ್ರ ತಾಳ್ಮೆಯೇ ಮದ್ದು. ಸೊನ್ನೆಗಿಂತ ತಣ್ಣಗಿರುವ ಲಿಥಿಯಂ ಅಯಾನ್ ಕೋಶಗಳಿಗೆ ರಭಸದಿಂದ ಚಾರ್ಜ್ ಮಾಡಿದರೆ ಆನೋಡ್ (ಋಣ ವಿದ್ಯುದ್ವಾರ) ಮೇಲೆ ಲೋಹರೂಪದ ಲಿಥಿಯಂ ಶೇಖರವಾಗಿ ಶಾಶ್ವತ ಹಾನಿಯಾಗುವುದರಿಂದ, ನಿಯಂತ್ರಣ ವ್ಯವಸ್ಥೆ ಬೆಳಗಿನ ಹೊತ್ತು ರೀಜೆನ್ ಅನ್ನು (ವೇಗ ತಗ್ಗಿಸುವಾಗ ಮೋಟಾರ್ ಬ್ಯಾಟರಿಯನ್ನು ಚಾರ್ಜ್ ಮಾಡುವ ಕ್ರಮ) ಮೊಟಕುಗೊಳಿಸುವುದು ಸರಿಯಾಗಿಯೇ ಇದೆ. ಬೆಳಗಿನ ಇಳಿಜಾರುಗಳಲ್ಲಿ ಎಂಜಿನ್‌ನ ಪ್ರತಿರೋಧದಿಂದಲೇ ವೇಗ ತಗ್ಗಿಸುವ ಎಂಜಿನ್ ಬ್ರೇಕಿಂಗ್ ಮೇಲೆ ಹೆಚ್ಚು ಅವಲಂಬಿಸುತ್ತಿದ್ದೇನೆ.

ಇದೇ ಎಚ್ಚರ ನನ್ನ ಮುಂದಿನ ಕೆಲಸದಲ್ಲೂ ಬೇಕು: ಹಿಂದಿನ ಬೆಡ್‌ಗೆ (ಸರಕು ತೊಟ್ಟಿಗೆ) ಕ್ಯಾನೊಪಿ ಎಂಬ ಮುಚ್ಚಿಗೆ, ಅದರೊಳಗೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಪೆಟ್ಟಿಗೆ. ಅದನ್ನೂ ಸೊನ್ನೆಯ ಕೆಳಗೆ ಚಾರ್ಜ್ ಮಾಡುವಂತಿಲ್ಲವಾದ್ದರಿಂದ ತಾಪದ ಪ್ಯಾಡ್, ಉಷ್ಣನಿರೋಧಕ ಗೋಡೆ ಮತ್ತು ಕೋಶಗಳು ಬೆಚ್ಚಗಾಗುವವರೆಗೆ ಚಾರ್ಜರ್ ಅನ್ನು ತಡೆಹಿಡಿಯುವ ರಿಲೇ ಬೇಕು. ನಕ್ಷೆ ಮುಗಿದಿದೆ, ಕ್ಯಾನೊಪಿಯ ಬ್ರ್ಯಾಕೆಟ್‌ಗಳು ಮಾತ್ರ ಇನ್ನೂ ‘ರವಾನೆಯ ಹಂತದಲ್ಲಿವೆ’.

ಮರಳುವ ಹಾದಿಯಲ್ಲಿ, ಅದೇ ಹೆದ್ದಾರಿಯ ಒಂದು ಭಾಗವನ್ನು ಹೊದಿಕೆಯೊಂದಿಗೆ, ಇನ್ನೊಂದು ಭಾಗವನ್ನು ಹೊದಿಕೆಯಿಲ್ಲದೆ, ಸಮಾನ ವೇಗ ಮತ್ತು ಟೈರ್ ಒತ್ತಡದಲ್ಲಿ ಓಡಿಸಿ ಇಂಧನದ ಲೆಕ್ಕ ತೆಗೆಯಲಿದ್ದೇನೆ. ಪಟ್ಟಿಗಳು ತಾವಾಗಿ ಮುಚ್ಚಿಕೊಳ್ಳುತ್ತಿರುವಾಗ ಹೊದಿಕೆಯಿಂದ ಎಷ್ಟು ಲಾಭ ಎಂಬುದು ಆಗಲೇ ತಿಳಿಯಬೇಕು.