ಹಗುರ ಟೆಲಿಫೋಟೊ ಜೂಮ್ ಆರಿಸುವಾಗ ನಾನು ಮೊದಲು ನೋಡುವ ಸಂಖ್ಯೆ

ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾಕ್ಕೆ ಹಗುರವಾದ ಟೆಲಿಫೋಟೊ ಜೂಮ್, ಅಂದರೆ ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್, ಹುಡುಕುವವರು ಸಾಮಾನ್ಯವಾಗಿ ಎರಡು ಅಂಕಿಗಳನ್ನು ನೋಡುತ್ತಾರೆ: ಲೆನ್ಸ್ ಎಷ್ಟು ಮಿಲಿಮೀಟರ್‌ವರೆಗೆ ಹೋಗುತ್ತದೆ ಮತ್ತು ಎಷ್ಟು ಗ್ರಾಂ ತೂಗುತ್ತದೆ. ಇವೆರಡಕ್ಕಿಂತ ಮೊದಲು ನೋಡಬೇಕಾದ ಮೂರನೆಯ ಸಂಖ್ಯೆಯೊಂದಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅದನ್ನು ತಯಾರಕರು ಲೆನ್ಸಿನ ಮೇಲೆ ಬರೆದಿರುವುದಿಲ್ಲ, ಆದರೆ ಒಂದೇ ಭಾಗಾಕಾರದಿಂದ ಯಾರು ಬೇಕಾದರೂ ಕಂಡುಕೊಳ್ಳಬಹುದು. ಲೆನ್ಸಿನ ಅತಿ ಉದ್ದದ ಫೋಕಲ್ ಲೆಂತ್ ಅನ್ನು (ಲೆನ್ಸ್ ಎಷ್ಟು ದೂರದ್ದನ್ನು ಹತ್ತಿರ ತೋರಿಸುತ್ತದೆಂದು ಹೇಳುವ ಮಿ.ಮೀ. ಅಳತೆ), ಆ ತುದಿಯಲ್ಲಿ ದೊರೆಯುವ ಅತಿ ದೊಡ್ಡ ಅಪರ್ಚರ್‌ನ ಎಫ್-ಸಂಖ್ಯೆಯಿಂದ (ಇದು ಚಿಕ್ಕದಾದಷ್ಟೂ ಲೆನ್ಸಿನ ತೆರಪು ದೊಡ್ಡದು, ಬೆಳಕು ಹೆಚ್ಚು) ಭಾಗಿಸಿದರೆ, ಬೆಳಕು ಒಳಬರುವ ಕಿಂಡಿಯ ವ್ಯಾಸ ಸಿಗುತ್ತದೆ. 400 ಮಿ.ಮೀ. ಎಫ್/8 ಆದರೆ 50 ಮಿ.ಮೀ.; 400 ಮಿ.ಮೀ. ಎಫ್/5.6 ಆದರೆ ಸುಮಾರು 71 ಮಿ.ಮೀ. ಲೆನ್ಸಿನ ಮುಂದಿನ ಗಾಜು ಈ ವ್ಯಾಸಕ್ಕಿಂತ ಚಿಕ್ಕದಾಗಿರಲು ಸಾಧ್ಯವಿಲ್ಲ. ಗಾಜು ಹಿಗ್ಗಿದಷ್ಟೂ ಅದನ್ನು ಹಿಡಿದಿಡುವ ಕೊಳವೆ, ಒಳಗಿನ ಗಾಜುಗಳನ್ನು ಸರಿಸುವ ಮೋಟಾರು ಎಲ್ಲವೂ ಹಿಗ್ಗುತ್ತವೆ.

ಈ ಲೆಕ್ಕವನ್ನು ಮಾರುಕಟ್ಟೆಯಲ್ಲಿರುವ ಲೆನ್ಸುಗಳಿಗೆ ಹಚ್ಚಿ ನೋಡಿದಾಗ ಒಂದು ಸ್ಪಷ್ಟವಾದ ಕ್ರಮ ಕಾಣಿಸುತ್ತದೆ. ಕ್ಯಾನನ್ ಕಂಪನಿಯು 2021ರಲ್ಲಿ ತಂದ ಆರ್‌ಎಫ್ 100-400 ಮಿ.ಮೀ. ಎಫ್/5.6-8 ಲೆನ್ಸಿನ ಕಿಂಡಿ 50 ಮಿ.ಮೀ., ತೂಕ 635 ಗ್ರಾಂ. ಸೋನಿಯ 70-350 ಮಿ.ಮೀ. ಎಫ್/4.5-6.3 ಲೆನ್ಸಿನಲ್ಲಿ ಅದು ಸುಮಾರು 56 ಮಿ.ಮೀ., ತೂಕ 625 ಗ್ರಾಂ. ಫ್ಯೂಜಿಫಿಲ್ಮ್‌ನ 70-300 ಮಿ.ಮೀ. ಎಫ್/4-5.6 ಸುಮಾರು 54 ಮಿ.ಮೀ. ಕಿಂಡಿಯೊಂದಿಗೆ 580 ಗ್ರಾಂ ತೂಗುತ್ತದೆ. ಸೋನಿ ಕ್ಯಾಮೆರಾಗಳಿಗೆ ಹೊಂದುವ ಟ್ಯಾಮ್ರಾನ್ 70-300 ಮಿ.ಮೀ. ಎಫ್/4.5-6.3 ಸುಮಾರು 48 ಮಿ.ಮೀ. ಕಿಂಡಿಯೊಂದಿಗೆ 545 ಗ್ರಾಂ. ಇವುಗಳಲ್ಲಿ ಕೆಲವು ದೊಡ್ಡದಾದ ಫುಲ್ ಫ್ರೇಮ್ ಸೆನ್ಸರಿಗೆ (ಚಿತ್ರ ಹಿಡಿಯುವ ಚಿಪ್), ಕೆಲವು ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರಿಗೆ ಮಾಡಿದವು, ತಯಾರಕರೂ ಬೇರೆ ಬೇರೆ. ಆದರೂ 50 ಮಿ.ಮೀ. ಆಸುಪಾಸಿನ ಕಿಂಡಿಯುಳ್ಳ ಲೆನ್ಸುಗಳೆಲ್ಲ 540ರಿಂದ 650 ಗ್ರಾಂಗಳ ನಡುವೆಯೇ ಬಂದು ನಿಂತಿವೆ. ಇನ್ನು ಸೋನಿ, ಫ್ಯೂಜಿಫಿಲ್ಮ್ ಮತ್ತು ನಿಕಾನ್ ಕಂಪನಿಗಳ 100-400 ಮಿ.ಮೀ. ಎಫ್/4.5-5.6 ಲೆನ್ಸುಗಳನ್ನು ನೋಡಿದರೆ, ಮೂರರಲ್ಲೂ ಕಿಂಡಿ 71 ಮಿ.ಮೀ.; ಟ್ರೈಪಾಡ್ ಕಾಲರ್ (ಲೆನ್ಸನ್ನು ಟ್ರೈಪಾಡಿಗೆ ಜೋಡಿಸುವ ಬಳೆ) ಬಿಟ್ಟು ತೂಗಿದರೆ ಕ್ರಮವಾಗಿ 1395, 1375 ಮತ್ತು 1355 ಗ್ರಾಂ. 50ರಿಂದ 71ಕ್ಕೆ ಹೋದಾಗ ಕಿಂಡಿಯ ವಿಸ್ತೀರ್ಣ ಎರಡು ಪಟ್ಟಾಗುತ್ತದೆ, ತೂಕ ಎರಡು ಪಟ್ಟನ್ನು ದಾಟುತ್ತದೆ.

ಹೀಗಾಗಿ ಹಗುರ ಲೆನ್ಸ್ ಎಂದರೆ ಕಡಿಮೆ ಬೆಳಕಿನ ಲೆನ್ಸ್ ಎಂದೇ ತಿಳಿಯಬೇಕು. ಉತ್ತಮ ವಿನ್ಯಾಸ, ಹಗುರವಾದ ಪ್ಲಾಸ್ಟಿಕ್ ಕೊಳವೆ, ಹೊಸ ಬಗೆಯ ಗಾಜು ಇವೆಲ್ಲ ನೂರು ಗ್ರಾಂನಷ್ಟು ಆಚೀಚೆ ಮಾಡಬಲ್ಲವೇ ಹೊರತು ಈ ಸಂಬಂಧವನ್ನು ಮುರಿಯಲಾರವು. ಹಾಗಾದರೆ ನಮ್ಮ ಮುಂದಿರುವ ಪ್ರಶ್ನೆ, ಒಂದು ಸ್ಟಾಪ್ ಬೆಳಕನ್ನು, ಅಂದರೆ ಅರ್ಧದಷ್ಟು ಬೆಳಕನ್ನು, ಬಿಟ್ಟುಕೊಟ್ಟು ಮುಕ್ಕಾಲು ಕಿಲೋ ಭಾರವನ್ನು ಇಳಿಸಿಕೊಳ್ಳುವುದು ನಾವು ತೆಗೆಯುವ ಚಿತ್ರಗಳಿಗೆ ಒಪ್ಪುತ್ತದೆಯೇ ಎಂಬುದು.

ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ) ಕ್ಯಾಮೆರಾಗಳ ಕಾಲದಲ್ಲಿ ಈ ಪ್ರಶ್ನೆಯನ್ನು ಕೇಳುವ ಅವಕಾಶವೇ ಹೆಚ್ಚಿರಲಿಲ್ಲ. ಅಲ್ಲಿ ಆಟೋಫೋಕಸ್‌ಗೆ ಪ್ರತ್ಯೇಕ ಸೆನ್ಸರ್ ಇರುತ್ತಿತ್ತು, ಎಫ್/5.6ಕ್ಕಿಂತ ಕಿರಿದಾದ ಅಪರ್ಚರ್‌ನಲ್ಲಿ ಬಹುಪಾಲು ಕ್ಯಾಮೆರಾಗಳು ನಂಬಲರ್ಹವಾಗಿ ಫೋಕಸ್ ಮಾಡುತ್ತಿರಲಿಲ್ಲ, ಮಾಡಿದರೂ ಎಫ್/8ರವರೆಗೆ, ಅದೂ ಹೆಚ್ಚಾಗಿ ಚೌಕಟ್ಟಿನ ನಡುಭಾಗದ ಕೆಲವೇ ಬಿಂದುಗಳಲ್ಲಿ. ಕನ್ನಡಿಯ ಮೂಲಕ ಕಾಣುವ ದೃಶ್ಯವೂ ಮಬ್ಬಾಗುತ್ತಿತ್ತು. ಮಿರರ್‌ಲೆಸ್‌ನಲ್ಲಿ ಚಿತ್ರ ತೆಗೆಯುವ ಸೆನ್ಸರೇ ಫೋಕಸನ್ನೂ ಅಳೆಯುತ್ತದೆ, ಎಲೆಕ್ಟ್ರಾನಿಕ್ ವ್ಯೂಫೈಂಡರ್ ಬೆಳಕನ್ನು ಹೆಚ್ಚಿಸಿ ತೋರಿಸುತ್ತದೆ. ಕ್ಯಾನನ್ 2020ರಲ್ಲಿ 600 ಮತ್ತು 800 ಮಿ.ಮೀ.ಗಳ ಎಫ್/11 ಲೆನ್ಸುಗಳನ್ನು ಮಾಡಲು ಧೈರ್ಯ ಮಾಡಿದ್ದು ಈ ಬದಲಾವಣೆಯಿಂದಲೇ. ಆದ್ದರಿಂದ ‘ಎಫ್/8 ಲೆನ್ಸಿನಲ್ಲಿ ಫೋಕಸ್ ಆಗುವುದಿಲ್ಲ’ ಎಂಬ ಹಳೆಯ ಎಚ್ಚರಿಕೆಯನ್ನು ಈಗ ಹಾಗೆಯೇ ಒಪ್ಪಿಕೊಳ್ಳಬೇಕಾಗಿಲ್ಲ. ಮಸುಕು ಬೆಳಕಿನಲ್ಲಿ ಫೋಕಸ್ ನಿಧಾನವಾಗುವುದು ನಿಜ. ನಡು ಹಗಲಿನಲ್ಲಿ ಆ ವ್ಯತ್ಯಾಸ ಗಮನಕ್ಕೂ ಬರುವುದಿಲ್ಲ.

ಬೆಳಕಿನ ಲೆಕ್ಕವನ್ನು ಸ್ವಲ್ಪ ವಿವರವಾಗಿ ಮಾಡಿ ನೋಡುವುದು ಒಳ್ಳೆಯದು, ಏಕೆಂದರೆ ಆಯ್ಕೆಯ ನಿಜವಾದ ನಿರ್ಧಾರ ನಡೆಯುವುದು ಇಲ್ಲಿಯೇ. ನಿಚ್ಚಳ ಬಿಸಿಲಿನಲ್ಲಿ ಎಫ್/16, ಐಎಸ್‌ಒ 100, ಶಟರ್ 1/100 ಸೆಕೆಂಡ್ ಎಂಬ ಹಳೆಯ ಸೂತ್ರದಿಂದ ಹೊರಟರೆ (ಐಎಸ್‌ಒ ಎಂದರೆ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯ ಅಳತೆ), ಎಫ್/8ರಲ್ಲಿ ಅದೇ ಐಎಸ್‌ಒಗೆ 1/400 ಸಿಗುತ್ತದೆ. ಹಾರುವ ಹಕ್ಕಿಯನ್ನು ಹಿಡಿಯಲು 1/1600 ಬೇಕೆಂದುಕೊಂಡರೆ ಐಎಸ್‌ಒ 400 ಸಾಕು. ಇಂದಿನ ಯಾವ ಸೆನ್ಸರಿಗೂ ಇದು ಕಷ್ಟವಲ್ಲ. ಮೋಡ ಮುಚ್ಚಿ ಬೆಳಕು ಮೂರು ಸ್ಟಾಪ್ ಇಳಿಯಿತೆಂದರೆ ಅದೇ ಶಟರ್ ವೇಗಕ್ಕೆ ಐಎಸ್‌ಒ 3200 ಬೇಕಾಗುತ್ತದೆ. ನಾಯ್ಸ್ (ಚಿತ್ರದ ಮೇಲಿನ ಕಾಳುಕಾಳು ಚುಕ್ಕೆಗಳು) ಕಾಣಿಸತೊಡಗಿದರೂ ಈಗಿನ ಸಾಫ್ಟ್‌ವೇರ್ ಅದನ್ನು ಚೆನ್ನಾಗಿಯೇ ತೆಗೆಯುತ್ತದೆ. ದಟ್ಟ ಮರಗಳ ನೆರಳಿಗೆ ಹೋದಾಗ ಮತ್ತೆ ಎರಡು ಸ್ಟಾಪ್ ಇಳಿದು 12800 ತಲುಪುತ್ತೇವೆ. ಅಲ್ಲಿ ಗರಿಗಳ ಸೂಕ್ಷ್ಮ ಗೆರೆಗಳು ಅಳಿಸಿಹೋಗುತ್ತವೆ, ಬಣ್ಣಗಳು ಸಪ್ಪೆಯಾಗುತ್ತವೆ. ಅದೇ ಜಾಗದಲ್ಲಿ ಎಫ್/5.6ರ ಭಾರಿ ಲೆನ್ಸ್ ಹಿಡಿದಿದ್ದರೆ ಐಎಸ್‌ಒ 6400. ವ್ಯತ್ಯಾಸವಿದೆ, ಆದರೆ ಭಾರಿ ಲೆನ್ಸ್ ಕೂಡ ಆ ನೆರಳಿನಲ್ಲಿ ಹಾರುವ ಹಕ್ಕಿಯ ಅಚ್ಚುಕಟ್ಟಾದ ಚಿತ್ರವನ್ನು ಕೊಡುವುದಿಲ್ಲ ಎಂಬುದನ್ನು ಗಮನಿಸಬೇಕು. ಹಕ್ಕಿ ಕೊಂಬೆಯ ಮೇಲೆ ಕುಳಿತಿದ್ದರೆ ಮಾತ್ರ ಪರಿಸ್ಥಿತಿ ಬೇರೆ: ಕಂಪನ ನಿಯಂತ್ರಣದ ನೆರವಿನಿಂದ 1/200ಕ್ಕೆ ಇಳಿಯಬಹುದು, ಐಎಸ್‌ಒ 12800 ಇದ್ದದ್ದು 1600 ಆಗುತ್ತದೆ.

ಈ ಲೆಕ್ಕದಿಂದ ನನಗೆ ತೋರುವುದೇನೆಂದರೆ, ಹಗಲಿನಲ್ಲಿ ಬಯಲು, ಕೆರೆದಂಡೆ, ಬೆಟ್ಟದ ದಾರಿಗಳಲ್ಲಿ ನಡೆಯುತ್ತ ಚಿತ್ರ ತೆಗೆಯುವವರಿಗೆ ಹಗುರ ಲೆನ್ಸಿನಿಂದ ಆಗುವ ನಷ್ಟ ಬಹಳ ಸಣ್ಣದು. ಮುಂಜಾವದ ಮೊದಲ ಬೆಳಕಿನಲ್ಲಿ, ಮುಸ್ಸಂಜೆಯಲ್ಲಿ, ದಟ್ಟ ಕಾಡಿನೊಳಗೆ ಅಥವಾ ಒಳಾಂಗಣ ಕ್ರೀಡಾಂಗಣದಲ್ಲಿ ಚಲಿಸುವ ವಸ್ತುವನ್ನು ಹಿಡಿಯುವುದೇ ಯಾರ ಮುಖ್ಯ ಆಸಕ್ತಿಯೋ ಅವರು ಈ ವರ್ಗದ ಲೆನ್ಸುಗಳನ್ನು ಕೊಳ್ಳಬಾರದು. ಅವರಿಗೆ ಎಫ್/2.8 ಅಥವಾ ಎಫ್/4ರ ಲೆನ್ಸೇ ಬೇಕು, ಅದರ ಭಾರವನ್ನೂ ಒಪ್ಪಿಕೊಳ್ಳಬೇಕು.

ಚಿಕ್ಕ ಸೆನ್ಸರಿನ ಕ್ಯಾಮೆರಾ ಕೊಂಡರೆ ಈ ಕಟ್ಟುಪಾಡಿನಿಂದ ತಪ್ಪಿಸಿಕೊಳ್ಳಬಹುದೆಂದು ಹಲವರು ನಂಬುತ್ತಾರೆ. 300 ಮಿ.ಮೀ. ಲೆನ್ಸ್ ಎಪಿಎಸ್-ಸಿ ಸೆನ್ಸರಿನ ಮೇಲೆ ಫುಲ್ ಫ್ರೇಮ್‌ನ 450 ಮಿ.ಮೀ.ನಷ್ಟು, ಇನ್ನೂ ಚಿಕ್ಕದಾದ ಮೈಕ್ರೊ ಫೋರ್ ಥರ್ಡ್ಸ್‌ನಲ್ಲಿ 600 ಮಿ.ಮೀ.ನಷ್ಟು ಕಿರಿದಾದ ನೋಟವನ್ನು ಕೊಡುತ್ತದೆ ಎಂಬುದು ಸರಿ. ಒಲಿಂಪಸ್‌ನ 75-300 ಮಿ.ಮೀ. ಎಫ್/4.8-6.7 ಕೇವಲ 423 ಗ್ರಾಂ ತೂಗುತ್ತದೆ, 600 ಮಿ.ಮೀ.ಗೆ ಸಮನಾದ ನೋಟಕ್ಕೆ ಇಷ್ಟು ಹಗುರವಾದ ಲೆನ್ಸ್ ಸಿಗುವುದು ನಿಜಕ್ಕೂ ಸಂತೋಷದ ವಿಷಯ. ಆದರೆ ಅದರ ಕಿಂಡಿ 45 ಮಿ.ಮೀ. ಒಂದೇ ಜಾಗದಲ್ಲಿ ನಿಂತು ಒಂದೇ ಹಕ್ಕಿಯನ್ನು ನೋಡಿದಾಗ, ಒಂದೇ ಶಟರ್ ವೇಗದಲ್ಲಿ ಆ ಹಕ್ಕಿಯಿಂದ ಹೊರಟ ಬೆಳಕಿನಲ್ಲಿ ಎಷ್ಟು ಪಾಲು ಚಿತ್ರವಾಗುತ್ತದೆ ಎಂಬುದನ್ನು ನಿರ್ಧರಿಸುವುದು ಕಿಂಡಿಯ ವ್ಯಾಸವೇ. ಹಿಂದಿರುವ ಸೆನ್ಸರ್ ದೊಡ್ಡದೋ ಚಿಕ್ಕದೋ ಎಂಬುದು ಆ ಪಾಲನ್ನು ಬದಲಿಸುವುದಿಲ್ಲ. ಹಾಗಾಗಿಯೇ ಈ ಸಂಖ್ಯೆಯನ್ನು ನಾನು ಮೊದಲು ನೋಡುತ್ತೇನೆ: ಬೇರೆ ಬೇರೆ ಸೆನ್ಸರುಗಳ ಲೆನ್ಸುಗಳನ್ನು ಒಂದೇ ಅಳತೆಗೋಲಿನಿಂದ ಅಳೆಯಲು ಇದಕ್ಕಿಂತ ನೇರವಾದ ದಾರಿ ನನಗೆ ಗೊತ್ತಿಲ್ಲ.

ಚಿಕ್ಕ ಸೆನ್ಸರಿನ ನಿಜವಾದ ಲಾಭ ಇರುವುದು ಪಿಕ್ಸೆಲ್‌ಗಳಲ್ಲಿ. 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 400 ಮಿ.ಮೀ.ನ ಚಿತ್ರವನ್ನು 600 ಮಿ.ಮೀ.ನಷ್ಟು ಕತ್ತರಿಸಿದರೆ ಉಳಿಯುವುದು 11 ಮೆಗಾಪಿಕ್ಸೆಲ್‌ಗಿಂತ ಸ್ವಲ್ಪ ಕಡಿಮೆ. ಎಪಿಎಸ್-ಸಿ ಕ್ಯಾಮೆರಾದಲ್ಲಿ ಅದೇ ಲೆನ್ಸಿನಿಂದ ಕತ್ತರಿಸದೆಯೇ ಪೂರ್ತಿ 24 ಸಿಗುತ್ತದೆ, ಫೋಕಸ್ ಬಿಂದುಗಳೂ ಹಕ್ಕಿಯ ಸುತ್ತ ಹೆಚ್ಚು ಒತ್ತಾಗಿ ಬೀಳುತ್ತವೆ. ಒಳ್ಳೆಯ ಬೆಳಕಿನಲ್ಲಿ ಇದು ದೊಡ್ಡ ಅನುಕೂಲ. ನಾನು ಎಪಿಎಸ್-ಸಿ ಕ್ಯಾಮೆರಾದ ಜೊತೆ 70-350 ಮಿ.ಮೀ. ಲೆನ್ಸನ್ನು ಆರಿಸಿಕೊಂಡದ್ದಕ್ಕೆ ಇದೇ ಕಾರಣ: 525 ಮಿ.ಮೀ.ಗೆ ಸಮನಾದ ನೋಟ, ಈ ತೂಕದ ಲೆನ್ಸುಗಳಲ್ಲಿ ತಕ್ಕಮಟ್ಟಿಗೆ ದೊಡ್ಡದಾದ 56 ಮಿ.ಮೀ. ಕಿಂಡಿ, ಮತ್ತು ಕ್ಯಾಮೆರಾ ಸೇರಿಸಿದರೂ ಒಂದು ಕಿಲೋಗಿಂತ ತುಸುವೇ ಹೆಚ್ಚಿನ ಭಾರ. ಹಕ್ಕಿ ಯಾವಾಗ ಹಾರುತ್ತದೋ ಎಂದು ಕ್ಯಾಮೆರಾವನ್ನು ಕಣ್ಣಿಗೆ ಹಚ್ಚಿಕೊಂಡು ಕಾಯುವಾಗ ಈ ತೂಕದ ಬೆಲೆ ತಿಳಿಯುತ್ತದೆ. ತೋಳು ಸೋತು ಕ್ಯಾಮೆರಾ ಕೆಳಗಿಳಿದ ಗಳಿಗೆಯಲ್ಲಿ ಎಂತಹ ದೊಡ್ಡ ಅಪರ್ಚರ್ ಕೂಡ ನೆರವಿಗೆ ಬರುವುದಿಲ್ಲ.

ಕಂಪನ ನಿಯಂತ್ರಣದ ಬಗ್ಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಮೇಲೆ ಹೇಳಿದ ಟ್ಯಾಮ್ರಾನ್ ಲೆನ್ಸಿನಲ್ಲಿ ಅದು ಇಲ್ಲ, ಒಲಿಂಪಸ್ 75-300ರಲ್ಲೂ ಇಲ್ಲ. ಕ್ಯಾಮೆರಾದ ಒಳಗೇ ಆ ವ್ಯವಸ್ಥೆಯಿದ್ದರೆ ಕೆಲಸ ನಡೆಯುತ್ತದೆ, ಆದರೆ ಹಗುರವಾದ ಕ್ಯಾಮೆರಾಗಳಲ್ಲಿ ಹಲವಕ್ಕೆ ಅದಿಲ್ಲ. ಸೋನಿ ಎ6400 ಮತ್ತು ಕ್ಯಾನನ್ ಆರ್8 ಇದಕ್ಕೆ ಉದಾಹರಣೆಗಳು. ಅಲ್ಲದೆ ಫೋಕಲ್ ಲೆಂತ್ ಉದ್ದವಾದಷ್ಟೂ ಸೆನ್ಸರನ್ನು ಅಲುಗಾಡಿಸಿ ಕಂಪನ ತಡೆಯುವ ವಿಧಾನದ ಶಕ್ತಿ ಕುಂದುತ್ತದೆ, ಏಕೆಂದರೆ ಕೈಯ ಸಣ್ಣ ನಡುಕಕ್ಕೂ ಬಿಂಬವು ಸೆನ್ಸರಿನ ಮೇಲೆ ಹೆಚ್ಚು ದೂರ ಸರಿಯುತ್ತದೆ. 300 ಮಿ.ಮೀ. ದಾಟುವ ಲೆನ್ಸಿನಲ್ಲಿ ಲೆನ್ಸಿನದೇ ಕಂಪನ ನಿಯಂತ್ರಣ ಇರಬೇಕೆಂದು ನಾನು ಪಟ್ಟುಹಿಡಿಯುತ್ತೇನೆ. ಚಿತ್ರ ಹರಿತವಾಗಲು ಮಾತ್ರವಲ್ಲ, ವ್ಯೂಫೈಂಡರಿನಲ್ಲಿ ದೃಶ್ಯ ನಿಶ್ಚಲವಾಗಿ ನಿಂತರೆ ಫೋಕಸ್ ಬಿಂದುವನ್ನು ಹಕ್ಕಿಯ ಕಣ್ಣಿನ ಮೇಲೆ ಇಡುವುದೂ ಸುಲಭವಾಗುತ್ತದೆ.

ಹತ್ತಿರದಿಂದ ಫೋಕಸ್ ಮಾಡುವ ಸಾಮರ್ಥ್ಯವನ್ನೂ ಬಹಳ ಮಂದಿ ನೋಡುವುದಿಲ್ಲ. ಕ್ಯಾನನ್ 100-400 ವಸ್ತುವಿನ ನಿಜ ಗಾತ್ರದ 0.41 ಪಟ್ಟಿನಷ್ಟು ಬಿಂಬವನ್ನು ಸೆನ್ಸರಿನ ಮೇಲೆ ಮೂಡಿಸಬಲ್ಲದು, ಫ್ಯೂಜಿಫಿಲ್ಮ್ 70-300 ಸುಮಾರು 0.33 ಪಟ್ಟು. ಚಿಟ್ಟೆ, ಏರೋಪ್ಲೇನ್ ಚಿಟ್ಟೆಗಳನ್ನು ಬೆದರಿಸದೆ ಒಂದು ಮೀಟರ್ ದೂರದಿಂದಲೇ ತೆಗೆಯಲು ಇದು ಸಾಕಾಗುತ್ತದೆ. ಬೇರೊಂದು ಮ್ಯಾಕ್ರೊ ಲೆನ್ಸನ್ನು ಚೀಲದಲ್ಲಿ ಇಟ್ಟುಕೊಳ್ಳುವ ಅಗತ್ಯ ಬಹುಮಟ್ಟಿಗೆ ತಪ್ಪುತ್ತದೆ. ಹಗುರವಾಗಿ ಹೊರಡಬೇಕೆನ್ನುವವರಿಗೆ ಇದು ಚಿಕ್ಕ ಲಾಭವಲ್ಲ. ಮಳೆ ಮತ್ತು ಧೂಳಿನಿಂದ ರಕ್ಷಣೆ ಫ್ಯೂಜಿಫಿಲ್ಮ್‌ನಲ್ಲಿದೆ, ಕ್ಯಾನನ್‌ನಲ್ಲಿಲ್ಲ. ಕೊಳ್ಳುವ ಮೊದಲು ಇದನ್ನೂ ವಿಚಾರಿಸಿಕೊಳ್ಳಬೇಕು.

ಹಕ್ಕಿಗಳಲ್ಲಿ ಆಸಕ್ತಿಯಿಲ್ಲದೆ, ದೂರದ ಬೆಟ್ಟಸಾಲು, ಜನರ ಮುಖಭಾವ, ಕಟ್ಟಡಗಳ ಕೆತ್ತನೆ ಇಷ್ಟೇ ಬೇಕಾದವರಿಗೆ 400 ಮಿ.ಮೀ. ಅನಗತ್ಯ. ಒಲಿಂಪಸ್ 40-150 ಮಿ.ಮೀ. ಎಫ್/4-5.6 ಬರೀ 190 ಗ್ರಾಂ. ಕ್ಯಾನನ್ ಆರ್‌ಎಫ್-ಎಸ್ 55-210 ಮಿ.ಮೀ. 270 ಗ್ರಾಂ, ನಿಕಾನ್ ಝಡ್ ಡಿಎಕ್ಸ್ 50-250 ಮಿ.ಮೀ. 405 ಗ್ರಾಂ. ತಮಗೆ ಎಷ್ಟು ಉದ್ದ ಬೇಕೆಂದು ಗೊತ್ತಿಲ್ಲದವರು ತಮ್ಮ ಹಳೆಯ ಚಿತ್ರಗಳ ಮಾಹಿತಿಯಲ್ಲಿ ದಾಖಲಾಗಿರುವ ಫೋಕಲ್ ಲೆಂತ್ ನೋಡಿಕೊಳ್ಳಲಿ, ಯಾವ ಚಿತ್ರಗಳನ್ನು ಎಷ್ಟು ಕತ್ತರಿಸಿದ್ದೇವೆ ಎಂಬುದನ್ನೂ ಗಮನಿಸಲಿ.

ಲೆನ್ಸನ್ನು ಪರೀಕ್ಷಿಸುವಾಗ ಅದರ ಅತಿ ಉದ್ದದ ತುದಿಯಲ್ಲಿ, ಅಪರ್ಚರನ್ನು ಪೂರ್ತಿ ತೆರೆದಿಟ್ಟು ಚಿತ್ರ ತೆಗೆಯಬೇಕು, ಏಕೆಂದರೆ ಈ ಲೆನ್ಸುಗಳನ್ನು ನಾವು ಹೆಚ್ಚು ಬಳಸುವುದು ಅಲ್ಲಿಯೇ, ಮತ್ತು ಈಗಾಗಲೇ ಎಫ್/6.3 ಅಥವಾ ಎಫ್/8ರಲ್ಲಿರುವಾಗ ಹರಿತ ಹೆಚ್ಚಿಸಲು ಇನ್ನಷ್ಟು ಕಿರಿದಾಗಿಸುವ ಅವಕಾಶ ಕಡಿಮೆ. ಬಿಸಿಲೇರಿದ ಮೇಲೆ ದೂರದ ವಸ್ತುವನ್ನು ತೆಗೆದು ಚಿತ್ರ ಮಸುಕಾಗಿದೆ ಎಂದು ಲೆನ್ಸನ್ನು ದೂರಬಾರದು. ಕಾದ ನೆಲದಿಂದ ಏಳುವ ಗಾಳಿಯ ಅಲೆಗಳು ಯಾವ ಲೆನ್ಸಿನ ಬಿಂಬವನ್ನಾದರೂ ಕದಡುತ್ತವೆ. ಹತ್ತು ಹದಿನೈದು ಮೀಟರ್ ದೂರದ, ಸೂಕ್ಷ್ಮ ವಿವರಗಳುಳ್ಳ ವಸ್ತುವೊಂದನ್ನು ಬೆಳಗಿನ ತಂಪಿನಲ್ಲಿ ತೆಗೆಯುವುದು ಉತ್ತಮ. ಲೆನ್ಸಿನ ಮುಂದೆ ರಕ್ಷಣೆಗೆಂದು ಅಗ್ಗದ ಫಿಲ್ಟರ್ ಹಾಕಿದ್ದರೆ ಅದನ್ನು ತೆಗೆದು ಮತ್ತೊಮ್ಮೆ ನೋಡಬೇಕು. ಉದ್ದದ ಲೆನ್ಸಿನಲ್ಲಿ ಕಳಪೆ ಗಾಜಿನ ದೋಷ ಎದ್ದು ಕಾಣುತ್ತದೆ. ರಕ್ಷಣೆಗೆ ಹುಡ್ (ಲೆನ್ಸಿನ ತುದಿಗೆ ಹಾಕುವ ಮುಂಗೊಳವೆ) ಸಾಕು, ಕ್ಯಾನನ್ 100-400ರ ಜೊತೆಗೆ ಅದು ಬರುವುದಿಲ್ಲವಾದ್ದರಿಂದ ಬೇರೆಯಾಗಿ ಕೊಳ್ಳಬೇಕು.

ಟೆಲಿಕನ್ವರ್ಟರ್ (ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಜೋಡಿಸಿ ಫೋಕಲ್ ಲೆಂತ್ ಹೆಚ್ಚಿಸುವ ಉಪಕರಣ) ಹಾಕಿ ಹಗುರ ಲೆನ್ಸನ್ನೇ ಉದ್ದಮಾಡಿಕೊಳ್ಳಬಹುದಲ್ಲ ಎಂದು ಕೇಳುವವರಿಗೂ ಅದೇ ಭಾಗಾಕಾರವನ್ನು ತೋರಿಸುತ್ತೇನೆ. ಕ್ಯಾನನ್ 100-400ಕ್ಕೆ 1.4 ಪಟ್ಟಿನ ಕನ್ವರ್ಟರ್ ಜೋಡಿಸಿದರೆ 560 ಮಿ.ಮೀ. ಎಫ್/11 ಆಗುತ್ತದೆ, ಭಾಗಿಸಿ ನೋಡಿದರೆ ಕಿಂಡಿ ಮತ್ತೆ ಅದೇ 50 ಮಿ.ಮೀ. ಹಕ್ಕಿಯಿಂದ ಒಂದಿಷ್ಟೂ ಹೆಚ್ಚು ಬೆಳಕು ಬರುವುದಿಲ್ಲ, ನಡುವೆ ಮತ್ತಷ್ಟು ಗಾಜು ಸೇರುತ್ತದೆ, ಫೋಕಸ್ ಇನ್ನೂ ನಿಧಾನವಾಗುತ್ತದೆ. ಪಿಕ್ಸೆಲ್ ಕಡಿಮೆಯಿರುವ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ, ನಿಚ್ಚಳ ಬಿಸಿಲಿನಲ್ಲಿ, ಅಲುಗದೆ ಕುಳಿತ ಹಕ್ಕಿಗೆ ಅದರಿಂದ ಸ್ವಲ್ಪ ಪ್ರಯೋಜನವಾಗಬಹುದು. ಉಳಿದ ಸಂದರ್ಭಗಳಲ್ಲಿ ಚಿತ್ರವನ್ನು ಕತ್ತರಿಸಿಕೊಳ್ಳುವುದೇ ಮೇಲು, ಮತ್ತು ಕನ್ವರ್ಟರಿಗೆ ಕೊಡುವ ಹಣವನ್ನು ಹೆಚ್ಚು ಪಿಕ್ಸೆಲ್‌ಗಳಿರುವ ಕ್ಯಾಮೆರಾಕ್ಕೆ ಕೂಡಿಡುವುದು ಲೇಸು.